ತೊಯ್ದ ಕಟ್ಟಿಗೆಯ ಸರ್ಕಾರಿ ದರ

ಕಳೆದ ಸೋಮವಾರ ಸೇಡಂ ಪೇಟೆಯಿಂದ ನಾನು ಒಂದು ಮಣ ಕಟ್ಟಿಗೆ ತರಿಸಿದೆ. ಅದರಲ್ಲಿ ಕಾಲು ಪಾಲು ನೀರಿತ್ತು.

ಉತ್ಪ್ರೇಕ್ಷೆ ಅಂದುಕೊಳ್ಳಬೇಡಿ. ಹೊರೆ ಇಳಿಸಿದ ಜಾಗದಲ್ಲಿ ಅಂಗಳ ತೊಯ್ದು ಹೋಯಿತು. ನಮ್ಮ ಆಕಳು ಬಂದು ಮೂಸಿ, ಎರಡು ಸಲ ನೆಕ್ಕಿ ಹೋಯಿತು. (ಪಾಪ, ಅದು ಸರ್ಕಾರಿ ದರದ ನೀರು ಅಂತ ಅದಕ್ಕೇನು ಗೊತ್ತು?)

ಮನೆಯಲ್ಲಿ ಮಗಳು ಬಾಣಂತಿ. ಹದಿನೈದನೇ ದಿನ. ನಮ್ಮ ಕಡೆ ಬಾಣಂತಿಗೆ ನೀರು ಹಾಕುವುದೆಂದರೆ ಒಂದು ತಂಬಿಗೆ, ಎರಡು ತಂಬಿಗೆಯ ಮಾತಲ್ಲ. ಹಂಡೆ ಕುದಿಯಬೇಕು. ಬೆನ್ನಿಗೆ ನೀರು ಬಿದ್ದಾಗ ಅವಳು "ಎವ್ವಾ, ಸತ್ತೆ" ಅಂತ ಕೂಗಬೇಕು. ಕೂಗಲಿಲ್ಲವೆಂದರೆ ನೀರು ಕಾದಿಲ್ಲ ಅಂತ ಅರ್ಥ. ಅದೂ ಅಲ್ಲದೆ ಎರಡು ದಿನದಿಂದ ಅವಳಿಗೆ ಸಂಜೆಯಾದರೆ ಸಣ್ಣ ಚಳಿ. ನನ್ನ ಜೀವವೆಲ್ಲ ಹಂಡೆಯ ಮೇಲೇ ಇತ್ತು.

ನೀರು ಹಾಕುವವಳು ಭೀಮವ್ವ. ಕಾಗಿಣಾ ದಂಡೆಯ ಓಣಿಯವಳು. ಬೆಳಿಗ್ಗೆ ಬಾಣಂತಿಯರಿಗೆ ನೀರು ಹಾಕುತ್ತಾಳೆ, ಆಮೇಲೆ ಹೊಲಕ್ಕೆ ಕೂಲಿಗೆ ಹೋಗುತ್ತಾಳೆ. ಅವತ್ತು ಬಚ್ಚಲ ಒಲೆಯ ಮುಂದೆ ಕುಳಿತು ಊದಿದಳು. ಮತ್ತೆ ಊದಿದಳು. ಹೊಗೆ ಪಡಸಾಲೆ ದಾಟಿ ತೊಟ್ಟಿಲಿಗೆ ಬಂತು. ಕೂಸು ಕೆಮ್ಮಲು ಶುರು ಮಾಡಿತು. ಭೀಮವ್ವ ಕಣ್ಣೊರೆಸಿಕೊಂಡು ಒಂದು ತುಂಡು ಎತ್ತಿ ಹಿಡಿದಳು. ತುದಿಯಿಂದ ನೀರು ತೊಟ್ಟಿಕ್ಕಿತು.

"ಅಕ್ಕಾರ, ಈ ಕಟ್ಟಿಗಿಗಿ ಮದಲ ಜಳಕ ಮಾಡಿಸಿ ಕಳಿಸ್ಯಾರ್ರಿ. ಬಾಣಂತಿ ಪಾಳಿ ಆಮ್ಯಾಲ!"

ಮೊದಲು ನಮ್ಮೂರಲ್ಲಿ ಕಟ್ಟಿಗೆಯನ್ನು ಯಾರೂ ತೂಗುತ್ತಿರಲಿಲ್ಲ. ಬಂಡಿಯಿಂದ ಒಂದು ತುಂಡು ಎಳೆದು ಕಲ್ಲಿಗೆ ಬಡಿಯುವುದು. ಠಣ್ ಅಂದರೆ ಒಣಗಿದ್ದು, ಧಪ್ ಅಂದರೆ ಹಸಿ. ಕಿವಿಯೇ ತಕ್ಕಡಿ. ಯುದ್ಧ ಬಂತು, ಬೆಲೆ ಏರಿತು, ಸರ್ಕಾರ ನಿರ್ಖು, ಅಂದರೆ ದರ, ಕಟ್ಟಿತು: ಮಣಕ್ಕೆ ಇಷ್ಟೇ, ಒಂದು ಕಾಸೂ ಹೆಚ್ಚಿಲ್ಲ. ಅಂದಿನಿಂದ ಬೆಲೆ ಏರಿಲ್ಲ, ನಿಜ. ಕಟ್ಟಿಗೆಯ ತೂಕ ಏರಿದೆ.

ನಾನೇ ಪೇಟೆಯ ಕಟ್ಟಿಗೆ ಡಿಪೋಗೆ ಹೋದೆ. ಡಿಪೋದವ ತಕ್ಕಡಿಯ ಪಕ್ಕ ಎಲೆ ಅಡಿಕೆ ಹಾಕಿಕೊಂಡು ಕುಳಿತಿದ್ದ. ಬಹಳ ಮರ್ಯಾದೆಯ ಮನುಷ್ಯ.

"ಬರ್ರಿ ಅವ್ವಾರ, ಕುಂದ್ರಿ."

"ಕುಂದ್ರಲಿಕ್ಕ ಬಂದಿಲ್ಲಪ್ಪ. ಕಟ್ಟಿಗಿಗಿ ನೀರು ಯಾಕ ಹೊಡೀಲಿಕತ್ತೀರಿ?"

"ಎಲ್ಲಿ ನೀರ್ರಿ? ಇಬ್ಬನಿ ಬಿದ್ದದ."

"ಇಬ್ಬನಿ ಕೊಡದಾಗ ತುಂಬಿ ಬೀಳ್ತದೇನು? ಕೊಡ ಅಲ್ಲೇ ಅದಲ್ಲ!"

ಅವನು ಕೊಡವನ್ನು ನೋಡಿದ. ನಾಚಲಿಲ್ಲ. ಗೋಡೆಗೆ ಹಚ್ಚಿದ್ದ ಉರ್ದು ನೋಟೀಸು ತೋರಿಸಿದ. "ನೀವೇ ಓದಿಸಿ ನೋಡ್ರಿ. ನಿರ್ಖಿನ್ಯಾಗ ತೂಕ ಬರದಾರ, ರೇಟ್ ಬರದಾರ. ಒಣಾ ಕೊಡು ಅಂತ ಎಲ್ಲೆರ ಬರದಾರೇನು?"

ಬರೆದಿರಲಿಲ್ಲ. ನಮ್ಮ ಯಜಮಾನರು ತಹಸೀಲ ಕಚೇರಿಯ ಗುಮಾಸ್ತರು. ಆ ನೋಟೀಸನ್ನು ನಕಲು ಮಾಡಿದ್ದು ಅವರೇ. ಅಕ್ಷರ ದುಂಡಗೆ ಬಂದಿವೆ ಅಂತ ಮನೆಯಲ್ಲಿ ಹೇಳಿಕೊಂಡಿದ್ದರು. (ಅವತ್ತು ನಾನೂ ಹೌದೌದು ಅಂದಿದ್ದೆ.)

ಹಾಗಾದರೆ ಒಣ ಕಟ್ಟಿಗೆ ಎಲ್ಲಿ ಹೋಯಿತು? ಚಿಂಚೋಳಿಯ ಕಾಡು ಇದ್ದಲ್ಲೇ ಇದೆ. ಮರಗಳು ಮಾತ್ರ ಪ್ರವಾಸ ಹೊರಟಿವೆ. ಪೆಟ್ರೋಲ್ ಸಿಗುವುದಿಲ್ಲ ಅಂತ ಬಸ್ಸುಗಳು ಬೆನ್ನಿಗೊಂದು ಡ್ರಮ್ ಕಟ್ಟಿಕೊಂಡು ಇದ್ದಿಲಿನ ಗ್ಯಾಸಿನ ಮೇಲೆ ಓಡುತ್ತಿವೆ. ಚಿತ್ತಾಪುರಕ್ಕೆ ಹೋಗಿ ಬರುವಷ್ಟರಲ್ಲಿ ಒಂದು ಮರ ಮುಗಿಯುತ್ತದೋ ಏನೋ. ಉಳಿದದ್ದು ಶಹಾಬಾದಿನ ಸುಣ್ಣದ ಭಟ್ಟಿಗೆ. ಅದರಲ್ಲೂ ಉಳಿದದ್ದು ನಮಗೆ, ನೀರು ಬೆರೆಸಿ.

ಈ ಹೊತ್ತಿಗೆ ಸರಿಯಾಗಿ ನನ್ನ ಮೈದುನ ಶರಣಪ್ಪ ರಜೆಗೆ ಬಂದಿದ್ದ. ಹೈದರಾಬಾದಿನ ಕಾಲೇಜಿನಲ್ಲಿ ಅರ್ಥಶಾಸ್ತ್ರ ಓದುತ್ತಾನೆ. ಹೊಗೆಗೆ ಹೆದರಿ ಅಂಗಳದಲ್ಲಿ ಕುಳಿತು, ಅಲ್ಲಿಂದಲೇ ಪಾಠ ಶುರು ಮಾಡಿದ.

"ಅತ್ತಿಗಿ, ತಪ್ಪು ಡಿಪೋದವಂದಲ್ಲ. ಮಾಲು ಕಡಿಮಿ ಆದಾಗ ರೇಟ್ ಏರ್ಲಿಕ್ಕೇ ಬೇಕು. ಏರ್ಲಿಕ್ಕ ಬಿಟ್ಟರ ಯಾರಿಗಿ ಭಾಳ ಜರೂರಿ ಅದನೋ ಅವರ ಹಂತೇಕ ಮಾಲು ತಾನೇ ನಡ್ಕೋತ ಬರ್ತದ. ಇದು ಥಿಯರಿ."

"ಹಂಗಿದ್ರ ನೀನೇ ನಡ್ಕೋತ ಹೋಗಿ ಒಂದು ಹೊರಿ ತಗೊಂಬಾರಪ್ಪ."

ಅವನು ನಕ್ಕ. ಹೋಗಲಿಲ್ಲ.

ಒಲೆ ಊದಿ ಸಾಕಾಗಿದ್ದ ಭೀಮವ್ವ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ನಮ್ಮ ಮನ್ಯಾಗ ತೊಗರಿ ಕಟ್ಟಿಗಿ ಒಂದು ಹೊರಿ ಅದ್ರಿ. ಭಾಳ ಒಣಗ್ಯಾವ. ತರಲೇನ್ರಿ?"

ತೊಗರಿ ಕಟ್ಟಿಗೆಯ ರಿವಾಜು ನಿಮಗೆ ಗೊತ್ತೇ ಇದೆ. ತೊಗರಿ ಕೊಯ್ದು ಬಡಿದಾದ ಮೇಲೆ ಕೂಲಿ ಹೆಂಗಸರು ಕಟ್ಟಿಗೆ ಕಟ್ಟಿಕೊಳ್ಳಬಹುದು. ಎಷ್ಟು? ಯಾರೂ ಕೈ ಹಚ್ಚದೆ ತಾನೇ ಎತ್ತಿ ತಲೆಗೆ ಏರಿಸಿಕೊಳ್ಳುವಷ್ಟು. ಏರಿಸಿಕೊಂಡಳೋ, ಅದು ಅವಳದು. ದಿನಕ್ಕೊಂದು ಹೊರೆಯಂತೆ ವರ್ಷದ ಒಲೆಗೆ ಆಗುತ್ತಿತ್ತು. ಈ ವರ್ಷ ಕಟ್ಟಿಗೆಗೂ ಬೆಲೆ ಬಂದಿದೆ ಅಂತ ಹೊಲದ ಸಾಹುಕಾರರಿಗೆ ಗೊತ್ತಾಗಿ, ಸುಗ್ಗಿಗೆಲ್ಲ ಸೇರಿ ಒಂದೇ ಹೊರೆ ಅಂದರಂತೆ. ರಿವಾಜು ಮುರಿಯಲಿಲ್ಲ ನೋಡಿ. ತೆಳ್ಳಗೆ ಮಾಡಿದರು.

ಆ ಒಂದೇ ಹೊರೆಗೆ ನಾನು ಬೆಲೆ ಕೇಳಿದೆ. ಅವಳು ಹೇಳಲಿಲ್ಲ. ನಾನೇ ಹೇಳಿದೆ. ಅವಳು ಒಲೆಯ ಬೂದಿ ಕೆದರಿದಳು. ನಾನೇ ಏರಿಸಿದೆ. ಡಿಪೋ ದರದ ಮೂರು ಪಟ್ಟು ಆಯಿತು. ಒಳಗೆ ಕೂಸು ಕೆಮ್ಮುವಾಗ ಯಾರು ಚೌಕಾಸಿ ಮಾಡುತ್ತಾರೆ, ಹೇಳಿ?

ತೊಗರಿ ಕಟ್ಟಿಗೆ ಚಟಪಟ ಅಂತ ಹತ್ತಿಕೊಂಡಿತು. ಹಂಡೆ ಕುದಿಯಿತು. ಮಗಳು "ಎವ್ವಾ, ಸತ್ತೆ" ಅಂತ ಓಣಿಗೆಲ್ಲ ಕೇಳುವಂತೆ ಕೂಗಿದಳು. ಅಷ್ಟು ಚಂದದ ಕೂಗು ನಾನು ಈಚೆಗೆ ಕೇಳಿರಲಿಲ್ಲ. ಸಂಜೆ ಚಳಿ ಬರಲಿಲ್ಲ. ಶರಣಪ್ಪ ಮೀಸೆ ತಿರುವಿದ. "ನೋಡ್ರಿ, ಮಾಲು ಹೆಂಗ ಬಂತು!"

ನಾನೂ ಒಪ್ಪಿದೆ. ಒಪ್ಪದೆ ಏನು? ಬಂದಿತ್ತಲ್ಲ.

ಮರುದಿನ ಅದೇ ಹೊರೆಯ ಉಳಿದ ಕಟ್ಟಿಗೆಯಲ್ಲಿ ನೀರು ಕಾಸಿ, ಹಾಕಿ ಮುಗಿಸಿದ ಭೀಮವ್ವ ಹೊರಡಲಿಲ್ಲ. ಬಚ್ಚಲ ಒಲೆಯ ಹತ್ತಿರವೇ ನಿಂತಳು. ಆಮೇಲೆ ಸೆರಗಿನೊಳಗಿಂದ ಒದ್ದೆ ಅರಿವೆಯ ಒಂದು ಗಂಟು ತೆಗೆದಳು. ಬಿಚ್ಚಿದರೆ ಜೋಳದ ಹಿಟ್ಟು, ನಾದಿದ್ದು.

"ಅಕ್ಕಾರ, ಕೆಂಡ ಇನ್ನಾ ಅವ. ಆರಿ ಹೋಗೂದ್ರಾಗ ಎರಡು ರೊಟ್ಟಿ ಸುಟ್ಕೊಳ್ಳಲೇನ್ರಿ?"

"ಯಾಕವ್ವ, ನಿಮ್ಮ ಮನ್ಯಾಗ?"

"ನಮ್ಮ ಒಲಿ ನಿನ್ನಿಂದ ಉಪಾಸ ಅದ್ರಿ."

"ರೊಕ್ಕ ಕೊಟ್ಟಿದ್ನಲ್ಲ?"

"ಅದಾವ್ರಿ, ಉಡ್ಯಾಗೇ ಅದಾವ. ಅವನ್ನ ಒಯ್ದು ಡಿಪೋದಾಗ ಏನು ತರ್ಲಿ, ನೀರ? ನಮ್ಮ ಓಣಿ ಮುಂದ ಹೊಳಿನೇ ಹರೀತದ." ಹಾಗಂದು ತಾನೇ ನಕ್ಕಳು.

(ನಮ್ಮತ್ತೆ ಪಡಸಾಲೆಯಿಂದಲೇ ಮುಖ ತಿರುವಿದರು. ಬಚ್ಚಲ ಒಲೆಯಾದರೂ ನಮ್ಮ ಒಲೆ, ಅವಳ ರೊಟ್ಟಿ. ಕಾಯಕ, ದಾಸೋಹ ಅಂತ ದಿನಾ ಬೆಳಿಗ್ಗೆ ವಚನ ಹೇಳುವುದೂ ಇದೇ ಬಾಯಿ.)

ಭೀಮವ್ವ ಬೂದಿ ಸರಿಸಿ, ಹಿಟ್ಟು ತಟ್ಟಿ, ಕೆಂಡದ ಮೇಲೆ ಹಾಕಿದಳು. ಒಂದು ರೊಟ್ಟಿ ಸುಡುವಷ್ಟರಲ್ಲಿ ಕೆಂಡ ಮಂಕಾಯಿತು. ಎರಡನೆಯದು ಅರ್ಧ ಹಸಿ. ಎರಡನ್ನೂ ಅದೇ ಅರಿವೆಯಲ್ಲಿ ಸುತ್ತಿಕೊಂಡು, "ಹೊಲಕ್ಕ ಹೊತ್ತಾತ್ರಿ" ಅಂತ ಹೋದಳು.

ಶರಣಪ್ಪ ಅಂಗಳದಿಂದ ಎಲ್ಲವನ್ನೂ ನೋಡಿದ್ದ. ಅವನಿಗೆ ಬೇಜಾರಾದದ್ದು ನಿಜ, ಸುಳ್ಳು ಹೇಳಬಾರದು. ಆದರೂ ಕಲಿತ ವಿದ್ಯೆ ಬಿಡುತ್ತದೆಯೇ? "ಅತ್ತಿಗಿ, ಇದೂ ಥಿಯರಿನೇ. ರೇಟ್ ಏರಿತು, ಆಕಿ ಡಿಮಾಂಡ್ ಇಳೀತು. ಲೆಕ್ಕ ಬರೋಬ್ಬರ್ ಅದ" ಅಂದ. ಪುಸ್ತಕ ತೆರೆದು ಒಂದು ಗೆರೆಯ ಚಿತ್ರವನ್ನೂ ತೋರಿಸಿದ. ಎಡಗಡೆ ಎತ್ತರದಿಂದ ಬಲಗಡೆಗೆ ಇಳಿಯುವ ಗೆರೆ. ನಮ್ಮೂರ ಹೊಳೆ ದಂಡೆಯ ಹಾಗೆ ನುಣ್ಣಗಿತ್ತು.

ನಾನು ಒಂದೇ ಮಾತು ಕೇಳಿದೆ. ಅವನು ಇನ್ನೂ ಪುಟ ತಿರುವುತ್ತಿದ್ದಾನೆ. ನಿಮ್ಮಲ್ಲಿ ಯಾರಾದರೂ ಓದಿದವರಿದ್ದರೆ ಹೇಳಿ: ಹೊಟ್ಟೆ ತುಂಬಿದವಳೂ ಒಲೆ ಹಚ್ಚುವುದಿಲ್ಲ, ಕಟ್ಟಿಗೆ ಮಾರಿಕೊಂಡವಳೂ ಒಲೆ ಹಚ್ಚುವುದಿಲ್ಲ; ಆ ಗೆರೆಯ ಮೇಲೆ ಇವರಿಬ್ಬರನ್ನು ನೀವು ಬೇರೆ ಬೇರೆ ಕೂಡಿಸುತ್ತೀರೋ, ಒಂದೇ ಕಡೆಯೋ?