ಹೊರಟವರ ಬೆನ್ನಿಗೇ ಗುಡಿಸುವ ಯಂತ್ರ

ತಟ್ಟೆಯಾಕಾರದ ಎರಡು ಯಂತ್ರಗಳು ವಾರವಿಡೀ ನನ್ನ ಮೊಬೈಲಿನಲ್ಲಿ ಅಕ್ಕಪಕ್ಕ ಕೂತಿದ್ದವು. ಎರಡೂ ಕಸ ಗುಡಿಸುತ್ತವೆ, ಎರಡೂ ನೆಲ ಒರೆಸುತ್ತವೆ. ದುಬಾರಿಯದು ಹೀರಿದ ಕಸವನ್ನು ತಾನೇ ಚೀಲಕ್ಕೆ ಸುರಿದು, ಒರೆಸುವ ಬಟ್ಟೆಯನ್ನು ಬಿಸಿನೀರಿನಲ್ಲಿ ತೊಳೆದು, ಬಿಸಿಗಾಳಿಯಲ್ಲಿ ಒಣಗಿಸಿಕೊಳ್ಳುತ್ತದೆ. ನಡುಬೆಲೆಯದಕ್ಕೆ ಆ ವೈಭೋಗವಿಲ್ಲ. ಡಬ್ಬಿ ನಾವೇ ಕೊಡವಬೇಕು, ಬಟ್ಟೆ ನಾವೇ ತೊಳೆಯಬೇಕು. ಸೀರೆ ಆರಿಸುವುದಕ್ಕೂ ನಾನು ಇಷ್ಟು ಹೊತ್ತು ತೆಗೆದುಕೊಂಡವಳಲ್ಲ ಎಂದರೆ ನೀವು ನಂಬಬೇಕು. ನಂಬದಿದ್ದರೂ ಬೇಜಾರಿಲ್ಲ, ನಮ್ಮ ಮನೆಯವರೂ ನಂಬಲಿಲ್ಲ.

ಯಂತ್ರದ ಮಾತು ತೆಗೆದದ್ದೇ ಅವರು. ತುಮಕೂರಿನ ಉಪ್ಪಾರಹಳ್ಳಿಯ ನಮ್ಮ ಮನೆ ರಸ್ತೆಗೆ ಅಂಟಿಕೊಂಡಿದೆ. ಬಾಗಿಲು ತೆಗೆದರೆ ಸಾಕು, ದೂಳು ಕರೆಯದ ನೆಂಟರಂತೆ ಬಂದು ಕೂರುತ್ತದೆ. ನನ್ನ ಮಂಡಿ ಬಗ್ಗುವುದನ್ನು ನಿಲ್ಲಿಸಿದೆ. ಅವರಿಗೆ ಕಿಡ್ನಿ ಕೈಕೊಟ್ಟು, ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗಿಬರುತ್ತಾರೆ.

"ದೊಡ್ಡದನ್ನೇ ತಗೋ. ಎಲ್ಲಾ ಅದೇ ಮಾಡ್ಕೊಳ್ತದೆ. ನಾಳೆ ನಾನಿಲ್ದಿದ್ರೂ ನೀನು ಒದ್ದಾಡ್ಬೇಕಿಲ್ಲ" ಎಂದರು.

ಈಚೆಗೆ ಅವರ ಎಲ್ಲ ಮಾತಿಗೂ ಈ 'ನಾನಿಲ್ದಿದ್ರೂ' ಸೇರಿಕೊಂಡಿದೆ. ಗ್ಯಾಸ್ ಬುಕ್ ಮಾಡುವುದನ್ನು ಕಲಿಸುವಾಗಲೂ ಅದೇ, ಮನೆಗಂದಾಯ ಕಟ್ಟುವುದನ್ನು ತೋರಿಸುವಾಗಲೂ ಅದೇ. ತಮಗೊಂದು ಶರ್ಟು ಕೊಳ್ಳೋಣವೆಂದರೆ ಮಾತ್ರ, "ಇರೋದನ್ನ ಹಾಕಿ ಮುಗಿಸಿದ್ರೆ ಸಾಕು ಬಿಡು" ಎನ್ನುತ್ತಾರೆ. ನಗುತ್ತಲೇ ಹೇಳುತ್ತಾರೆ. ನನಗೆ ನಗು ಬರುವುದಿಲ್ಲ.

ದುಬಾರಿ ಯಂತ್ರ ಕುಣಿಗಲ್‌ನಲ್ಲಿರುವ ಮಗಳ ಮನೆಯಲ್ಲಿದೆ. ಹೋದ ತಿಂಗಳು ಅಲ್ಲಿ ಒಂದು ರಾತ್ರಿ ಉಳಿದಿದ್ದೆವು. ಬೆಳಿಗ್ಗೆ ಅಪ್ಪನನ್ನು ತುಮಕೂರಿನ ಆಸ್ಪತ್ರೆಗೆ ಬಿಡಲು ಅವಳೇ ಕಾರು ತೆಗೆದಳು. ಇನ್ನೂ ಕೆರೆಯ ಹತ್ತಿರ ಬಂದಿರಲಿಲ್ಲ, ಅವಳ ಫೋನು ಟಿಣ್ ಎಂದಿತು. ಮನೆ ಖಾಲಿಯಾಗಿದೆ, ಗುಡಿಸಲು ಶುರು ಮಾಡಿದ್ದೇನೆ ಎಂದು ಯಂತ್ರ ಸುದ್ದಿ ಕಳಿಸಿತ್ತು.

"ನೋಡಮ್ಮ, ನಾವು ಆಚೆ ಬಂದಿದ್ದು ಅದಕ್ಕೆ ಗೊತ್ತಾಗ್ಬಿಡ್ತದೆ!" ಮಗಳಿಗೆ ಹೆಮ್ಮೆ. ಹಿಂದಿನ ಸೀಟಿನಲ್ಲಿ ಇವರು ಕಣ್ಣುಮುಚ್ಚಿ ಒರಗಿದ್ದರು. ನಾನು ತಿರುಗಿ ಅವರ ಮುಖ ನೋಡಿದೆ.

ಆಗ ನೆನಪಾದವರು ನಮ್ಮತ್ತೆ. ಮದುವೆಯಾಗಿ ಗುಬ್ಬಿಯ ಮನೆಗೆ ಬಂದ ಹೊಸತು. ಬಿ.ಎಸ್ಸಿ. ಓದಿದ ಸೊಸೆ ಸೋಮಾರಿ ಅನ್ನಿಸಿಕೊಳ್ಳಬಾರದೆಂದು, ಇವರು ತುಮಕೂರಿನ ರೈಲು ಹಿಡಿಯಲು ಹೊಸ್ತಿಲು ದಾಟಿದ ಕೂಡಲೇ ಪೊರಕೆ ಹಿಡಿದೆ. ಅತ್ತೆ ರಾಗಿಹಿಟ್ಟಿನ ಕೈಯಲ್ಲೇ ಓಡಿಬಂದು ಕಿತ್ತುಕೊಂಡರು.

"ಬುಡೇ ಪೊರ್ಕೆನ! ಅವ್ನಿನ್ನೂ ಬೀದಿ ದಾಟಿಲ್ಲ, ಆಗ್ಲೇ ಗುಡಿಸ್ತೀಯಾ?"

"ಕಸಕ್ಕೂ ಅವ್ರು ಹೋಗೋದಕ್ಕೂ ಏನತ್ತೆ ಸಂಬಂಧ?" ಎಂದು ವಿಜ್ಞಾನ ಎದ್ದು ನಿಂತಿತು.

"ಬೆನ್ನಿಗೇ ಗುಡ್ಸೋದು ಹೆಣ ಎತ್ತಿದ್ಮ್ಯಾಲೆ ಕಣೇ. ಬದ್ಕಿರೋರು ವಾಪಸ್ ಬರೋರು."

ವಿಜ್ಞಾನ ಕೂತುಕೊಂಡಿತು. ಅಂದಿನಿಂದ ಯಾರು ಹೊರಟರೂ ಮನೆ ಒಂದು ಗಳಿಗೆ ಕಸ ಹಿಡಿದುಕೊಂಡೇ ಕಾಯುತ್ತಿತ್ತು. ವಾರಗಟ್ಟಲೆ ಝಾಂಡಾ ಊರಿ, ಎಲ್ಲರ ಪ್ರಾಣ ತಿಂದ ನೆಂಟರೊಬ್ಬರು ಕೊನೆಗೂ ಎದ್ದುಹೋದ ದಿನ ಅತ್ತೆ ಪೊರಕೆಯ ಕಡೆ ಆಸೆಯಿಂದ ನೋಡಿದ್ದನ್ನು ನಾನೇ ಕಂಡಿದ್ದೇನೆ. ಆದರೂ ಮುಟ್ಟಲಿಲ್ಲ. ಅತ್ತೆಯ ಶಾಸ್ತ್ರಗಳನ್ನೆಲ್ಲ ಹಿಂದೆ ಆಡಿಕೊಂಡು ನಕ್ಕವಳು ನಾನು. ಇದೊಂದು ಮಾತ್ರ ಯಾವಾಗ ನನ್ನದಾಯಿತೋ ತಿಳಿಯದು.

ಹೊರಟವರ ಬೆನ್ನಿಗೇ ಗುಡಿಸುವ ಯಂತ್ರ ಬೇಡವೆಂದು ವಾರದ ಕೊನೆಗೆ ಮಗಳಿಗೆ ಹೇಳಿದೆ. "ತಾನಾಗೇ ಶುರುವಾಗೋದನ್ನ ಆಫ್ ಮಾಡ್ಬೋದಮ್ಮ, ಅಷ್ಟಕ್ಕೆಲ್ಲಾ ಬೇಡ ಅಂತಾರಾ?" ಎಂದಳು ಮಗಳು ಫೋನಿನಲ್ಲಿ. ಮಾಡಬಹುದು, ನನಗೂ ಗೊತ್ತು. ನನ್ನ ತಕರಾರು ಯಂತ್ರದ ಮೇಲಲ್ಲ. ಈ ಮನುಷ್ಯ ತಾನಿಲ್ಲದ ಮನೆಯನ್ನು ಒಂದೊಂದೇ ಸಾಮಾನು ತಂದು ಅಣಿ ಮಾಡುತ್ತಿದ್ದಾನಲ್ಲ, ಅದಕ್ಕೆ ನಾನೇ ಕೈಜೋಡಿಸುವುದು ಹೇಗೆ?

ಮಾರನೆಯ ಬೆಳಿಗ್ಗೆ ಕಾಫಿ ಕುಡಿಯುತ್ತ ಇವರು ಕೇಳಿದರು, "ಯಾವ್ದು ಅಂತ ಆಯ್ತಾ?"

"ಚಿಕ್ಕದು."

"ಯಾಕೇ? ನಿನ್ ಮಂಡಿ?"

"ನೀವಿಲ್ದಿದ್ರೂ ನಡೆಯೋ ಮಿಷನ್ ನಂಗ್ಬೇಡ ಕಣ್ರೀ. ಡಬ್ಬಿ ನಾನು ಕೊಡವ್ತೀನಿ. ಬಟ್ಟೆ ತೊಳ್ದು ಒಣಗ್ಹಾಕೋದು ನಿಮ್ಮ ಕೆಲ್ಸ. ಒಪ್ಗೆ ಇದ್ರೆ ತರ್ಸಿ, ಇಲ್ದಿದ್ರೆ ಏನೂ ಬೇಡ."

ಜಗಳದ ದನಿಯಲ್ಲೇ ಹೇಳಬೇಕೆಂದುಕೊಂಡಿದ್ದೆ. ಕೊನೆಯ ಹೊತ್ತಿಗೆ ಅದು ಬೇಡಿಕೊಂಡಂತೆ ಕೇಳಿಸಿತು. ಅವರು ನನ್ನನ್ನು ನೋಡಿದರು, ಲೋಟ ಕೆಳಗಿಟ್ಟು ಮೊಬೈಲ್ ಕೈಗೆತ್ತಿಕೊಂಡರು.

ಚಿಕ್ಕದು ಬಂದು ಹದಿನೈದು ದಿನವಾಯಿತು. ಅಂಥ ಬುದ್ಧಿವಂತನೇನಲ್ಲ, ಸೋಫಾದ ಕೆಳಗೆ ಸಿಕ್ಕಿಕೊಂಡು ಕೂಗುತ್ತದೆ, ದೇವರ ಮನೆಯ ರಂಗೋಲಿಯನ್ನು ಒಂದು ಸಲ ಭಕ್ತಿಯಿಂದ ಒರೆಸಿಹಾಕಿತು. ಇವರು ಆಸ್ಪತ್ರೆಗೆ ಹೋದ ದಿನ ಅದನ್ನು ನಾನು ಮುಟ್ಟುವುದಿಲ್ಲ. ವಾಪಸ್ ಬಂದು, ಕಾಲನ್ನು ಕುರ್ಚಿಯ ಮೇಲೆತ್ತಿ ಕೂತು, ಅವರೇ ಗುಂಡಿ ಒತ್ತುತ್ತಾರೆ.

ಇವತ್ತು ಸುಸ್ತಾಗಿದ್ದರೂ ಕೇಳದೆ ಬಟ್ಟೆ ತೊಳೆದು, ಕ್ಲಿಪ್ಪು ಹಾಕಿ ಒಣಗಿಸಿ ಬಂದರು. ಆಮೇಲೆ ಬಹಳ ಹೊತ್ತು ಮೊಬೈಲ್ ತಿಕ್ಕುತ್ತ ಕೂತರು.

"ಏನ್ರೀ ಅದು?"

"ಈ ಬಟ್ಟೆ ಬೇಗ ಸವೀತವಂತೆ. ಇನ್ನೊಂದಷ್ಟು ಜೊತೆ ಆರ್ಡ್ರು ಮಾಡ್ದೆ."

"ಇರೋದೇ ಹೊಸದು. ಅಷ್ಟೊಂದು ಯಾತಕ್ಕೆ?"

"ಮುಂದಿನ್ ವರ್ಷಕ್ ಬೇಡ್ವೇನೇ?" ಎಂದರು, ಕನ್ನಡಕದ ಮೇಲಿಂದ ನೋಡುತ್ತ. "ಅದರಾಚೆ ವರ್ಷಕ್ಕೂ ಇರ್ಲಿ ಅಂತ."