ಅಣ್ಣನ ಮಗಳು

ಪಟ್ಟಂದೂರು ಅಗ್ರಹಾರದ ಚಿಕ್ಕಮುನಿಯಮ್ಮ ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳು ಅಂತ ಅವಳ ಗಂಡ ನರಸಪ್ಪ ಹೇಳುತ್ತಿದ್ದ. ಒಂದು ಕಡೆ ಕೂತು ಒಂದು ಲೋಟ ಕಾಫಿ ಕುಡಿದವಳಲ್ಲ. ಲೋಟ ಹಿಡಿದುಕೊಂಡೇ ಕೊಟ್ಟಿಗೆಗೆ ಹೋಗುವಳು, ಅಲ್ಲಿಂದ ಹಿತ್ತಲಿಗೆ ಹೋಗುವಳು, ಆಮೇಲೆ ಲೋಟ ಎಲ್ಲಿಟ್ಟೆ ಅಂತ ಮನೆಯೆಲ್ಲ ಹುಡುಕುವಳು. ಒಂದು ಸಲ ಅದು ಕೋಳಿಗೂಡಿನ ಮೇಲೆ ಸಿಕ್ಕಿತ್ತು. ಅದಿರಲಿ. ತೊಂಬತ್ತೆಂಟನೇ ಇಸವಿಯ ಬೇಸಿಗೆ ಶುರುವಿನಲ್ಲಿ ಅವಳಿಗೆ ಹತ್ತಿದ ಚಡಪಡಿಕೆ ಮಾತ್ರ ಬೇರೆ ಥರದ್ದು. ಅದಕ್ಕೆ ಕಾರಣ, ಮನೆ ಬಾಗಿಲಿಗೆ ಬಂದ ಸನ್ಮಾನ.

ವೈಟ್‌ಫೀಲ್ಡಿನ ಒಂದು ಸೇವಾ ಸಂಘದ ಗುರುರಾಜ್ ಸ್ಕೂಟರಿನಲ್ಲಿ ಬಂದಿದ್ದರು. ಒಳ್ಳೆಯ ಮನುಷ್ಯ, ಚಪ್ಪಲಿ ಆಚೆ ಬಿಟ್ಟು ಬಂದು ಚಾಪೆಯ ಮೇಲೆ ಕೂತರು. ಹೆಣ್ಣುಮಕ್ಕಳನ್ನು ಮೋಸದಿಂದ ಸಾಗಿಸಿ ಮಾರುವವರ ಕೈಯಿಂದ ಬಿಡಿಸಿದವರಿಗೆ ಈ ಸಲದ ಮಹಿಳಾ ದಿನದಂದು ಶಾಲು ಹೊದಿಸುತ್ತೇವೆ, ಹೂಡಿಯ ಅಂಜನಮ್ಮನ ಸಂಘಕ್ಕೂ ಹೇಳಿದ್ದೇವೆ, ನೀವೂ ಬರಬೇಕು ಅಂದರು. ಎದ್ದು ಹೊರಡುವಾಗ ಇನ್ನೊಂದು ಮಾತು ಸೇರಿಸಿದರು.

“ಆ ಹುಡುಗೀನೂ ಕರ್ಕೊಂಡ್ಬನ್ನಿ ಅಜ್ಜಿ. ಅವಳನ್ನ ಕಣ್ಣಾರೆ ನೋಡಿದ್ರೆ ಜನಕ್ಕೆ ಮುಟ್ಟುತ್ತೆ. ಪೇಪರ್‌ನೋರೂ ಬರ್ತಾರೆ, ಫೋಟೋ ತೆಗೀತಾರೆ.”

“ಅವ್ಳು ಆವಾಗ್ಲೇ ಊರ್ಗೆ ಒಂಟೋದ್ಲು ಕಣಪ್ಪ,” ಅಂದಳು ಚಿಕ್ಕಮುನಿಯಮ್ಮ.

ಗೋಡೆಯ ಆಚೆ ಅದೇ ಹುಡುಗಿ, ಹುಲಿಗೆಮ್ಮ, ಒಲೆ ಮುಂದೆ ಕೂತು ಮುದ್ದೆಗೆ ಹಿಟ್ಟು ತಿರುವುತ್ತಿದ್ದಳು. ಕೋಲಿನ ಸದ್ದು ತಟ್ಟನೆ ನಿಂತಿತು. ಸ್ಕೂಟರಿನ ಸದ್ದು ಮರೆಯಾದ ಮೇಲೆ ಮತ್ತೆ ಶುರುವಾಯಿತು.

ಹುಲಿಗೆಮ್ಮನನ್ನು ಮೋಸದಿಂದ ಕರೆತಂದಿದ್ದ ಶೇಖರಪ್ಪ ಆಗ ಜಾಮೀನಿನ ಮೇಲೆ ಆಚೆ ಬಂದಿದ್ದ. ಕೇಸು ಇನ್ನೂ ನಡೆಯುತ್ತಿತ್ತು. ಅವನ ಕಡೆಯವರು ಕೊಪ್ಪಳದ ಹತ್ತಿರದ ಅವಳ ಹಳ್ಳಿಗೆ ಹೋಗಿ, ಮಗಳು ಎಲ್ಲಿದ್ದಾಳೆ ಅಂತ ತಾಯಿಯನ್ನು ವಿಚಾರಿಸಿ ಬಂದಿದ್ದರು. ಆ ತಾಯಿ ಬಾಯಿ ಬಿಟ್ಟಿರಲಿಲ್ಲ. ತನ್ನನ್ನು ಹಿಡಿಸಿದ ಮನೆಯಲ್ಲೇ ಹುಡುಗಿ ಉಳಿದಿದ್ದಾಳೆ ಅಂತ ಶೇಖರಪ್ಪನಿಗೆ ಅಂದಾಜಿರಲಿಲ್ಲ. ಈಗ ಪೇಪರಿನಲ್ಲಿ ಅವಳ ಮುಖ ಬಂದರೆ? ಈ ಒಂದು ಪ್ರಶ್ನೆ ಚಿಕ್ಕಮುನಿಯಮ್ಮನನ್ನು ಮಲಗಲೂ ಬಿಡಲಿಲ್ಲ, ನಿಲ್ಲಲೂ ಬಿಡಲಿಲ್ಲ.

ಹುಲಿಗೆಮ್ಮ ಆ ಮನೆಗೆ ಬಂದ ಬಗೆ ಹೇಳಬೇಕಾದರೆ ಒಂದು ವರ್ಷ ಹಿಂದಕ್ಕೆ ಹೋಗಬೇಕು.

ಊರಿನ ಪಕ್ಕದಲ್ಲಿ ಗಾಜಿನ ಕಟ್ಟಡ ಏಳುತ್ತಿದ್ದ ಕಾಲ ಅದು. ಅಷ್ಟೊಂದು ಗಾಜು ಯಾರು ಒರೆಸುತ್ತಾರೆ ಅನ್ನುವುದೇ ಚಿಕ್ಕಮುನಿಯಮ್ಮನಿಗೆ ದೊಡ್ಡ ಚಿಂತೆಯಾಗಿತ್ತು. ಕೆಲಸಕ್ಕೆ ಬಂದ ಜನಕ್ಕೆ ಮನೆ ಸಾಲದೆ, ಊರಿನವರೆಲ್ಲ ಹಿತ್ತಲಲ್ಲಿ ಸಾಲುಮನೆ ಎಬ್ಬಿಸುತ್ತಿದ್ದರು. ನರಸಪ್ಪನೂ ರಾಗಿ ಬಡಿಯುತ್ತಿದ್ದ ಕಣದ ಮೇಲೆ ಶೀಟು ಹೊದಿಸಿದ ರೂಮುಗಳನ್ನು ಕಟ್ಟಿಸಿದ. ಗಾರೆಯವರು, ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು, ಎಲ್ಲರಿಗೂ ಸೇರಿ ನಡುವೆ ಒಂದೇ ನಲ್ಲಿ. ಕಣ ಹೋಯಿತಲ್ಲ ಅಂತ ಚಿಕ್ಕಮುನಿಯಮ್ಮ ಒಂದು ವಾರ ಮುಖ ಊದಿಸಿಕೊಂಡಿದ್ದಳು. ಆಮೇಲೆ ನಲ್ಲಿಯ ಹತ್ತಿರದ ಮಾತಿನ ರುಚಿ ಹತ್ತಿತು. ಯಾರ ಮನೆಯಲ್ಲಿ ಯಾವ ಸಾರು, ಯಾರ ನಾದಿನಿಗೆ ಯಾವ ಗಂಡು ನೋಡಿದ್ದಾರೆ, ಎಲ್ಲವೂ ಅವಳಿಗೆ ಗೊತ್ತು.

ಕೊನೆಯ ರೂಮಿಗೆ ಶೇಖರಪ್ಪ ಬಂದ. ಇಸ್ತ್ರಿ ಷರಟು, ನಯವಾದ ಮಾತು. ಜೊತೆಗೆ ಹದಿನಾರು ಹದಿನೇಳರ ಹುಡುಗಿ. ಯಾರಿದು ಅಂತ ನರಸಪ್ಪ ಕೇಳಿದ್ದಕ್ಕೆ, “ನಮ್ಮಣ್ಣನ ಮಗಳ್ರೀ. ಫ್ಯಾಕ್ಟರಿ ಕೆಲಸಕ್ಕ ಸೇರಿಸಬೇಕು,” ಅಂದ. ಅಣ್ಣನ ಮಗಳು ಅಂದರೆ ಸ್ವಂತ ಮಗಳಿದ್ದ ಹಾಗೆ. ಮದುವೆಯಾಗದ ಹುಡುಗಿಯನ್ನು ಒಂದೇ ರೂಮಿನಲ್ಲಿ ಇಟ್ಟುಕೊಂಡರೂ ಯಾರೂ ಹುಬ್ಬೇರಿಸುವುದಿಲ್ಲ. ಅಕ್ಕನ ಮಗಳು ಅಂದಿದ್ದರೆ, ಮದುವೆ ಯಾವಾಗ ಅಂತ ನಲ್ಲಿಯ ಹತ್ತಿರದ ಹೆಂಗಸರೇ ಕೇಳಿಬಿಡುತ್ತಿದ್ದರು. ಲೆಕ್ಕ ಹಾಕಿಯೇ ಹೇಳಿದ್ದ ಅವನು.

ಆದರೆ ಫ್ಯಾಕ್ಟರಿ ಕೆಲಸದ ಸುಳಿವೇ ಇಲ್ಲ. ಆಚೆ ಹೋಗುವಾಗ ಶೇಖರಪ್ಪ ಬಾಗಿಲಿಗೆ ಬೀಗ ಹಾಕುತ್ತಿದ್ದ. ಹುಡುಗಿ ನೀರಿಗೆ ಬಂದರೆ ಬಾಗಿಲಲ್ಲಿ ನಿಂತು ನೋಡುತ್ತಿದ್ದ. ಒಂದು ಬೆಳಿಗ್ಗೆ ಅವನು ಒಳಗೆ ಗಡ್ಡ ಕೆರೆದುಕೊಳ್ಳುತ್ತಿದ್ದಾಗ, ನಲ್ಲಿಯ ಹತ್ತಿರ ಅವಳ ಪ್ಲಾಸ್ಟಿಕ್ ಬಿಂದಿಗೆ ಕಲ್ಲಿಗೆ ತಗುಲಿ ಬಿರುಕು ಬಿಟ್ಟಿತು. ಹುಡುಗಿ ಹೆದರಿ ಕೂಗಿದಳು.

“ಮಾವಾ, ಕೊಡ ಸೀಳೇತ್ರಿ!”

ಕೊಟ್ಟಿಗೆ ಗುಡಿಸುತ್ತಿದ್ದ ಚಿಕ್ಕಮುನಿಯಮ್ಮನ ಪೊರಕೆ ಅಲ್ಲೇ ನಿಂತಿತು. ಅಪ್ಪನ ತಮ್ಮನನ್ನು ಯಾವ ಹುಡುಗಿಯಾದರೂ ಮಾವ ಅನ್ನುತ್ತಾಳೆಯೇ?

ಗಂಡನಿಗೆ ಹೇಳಿದಳು. ಹೊಂಗೆಮರದ ಕೆಳಗೆ ಬೀಡಿ ಹಚ್ಚುತ್ತಿದ್ದ ನರಸಪ್ಪ, ಆ ಕಡೆ ಜನ ಹಾಗೇ ಕರೆಯುತ್ತಾರೇನೋ, ಬಾಡಿಗೆಯವರ ಮನೆ ವಿಷಯ ನಮಗ್ಯಾಕೆ ಅಂದ. ಅವಳಿಗೆ ಸಮಾಧಾನವಾಗಲಿಲ್ಲ. ಮೂರನೇ ರೂಮಿನ ಈಶ್ವರಮ್ಮ ರಾಯಚೂರು ಕಡೆಯವಳು, ಗಾರೆ ಕೆಲಸದವನ ಹೆಂಡತಿ. ಅವಳ ಹತ್ತಿರ ಸೊಪ್ಪು ಸೋಸುವ ನೆಪದಲ್ಲಿ ಕೂತು, ನಿಮ್ಮ ಕಡೆ ಅಪ್ಪನ ತಮ್ಮನಿಗೆ ಏನನ್ನುತ್ತೀರಿ ಅಂತ ಕೇಳಿದಳು.

“ಕಾಕಾ ಅಂತೀವ್ರಿ.”

“ಮಾವ ಅನ್ನಾಕಿಲ್ವಾ?”

ಈಶ್ವರಮ್ಮನಿಗೆ ನಗು ತಡೆಯಲಾಗಲಿಲ್ಲ. “ಮಾವ ಅಂದ್ರ ತಾಯಿ ಅಣ್ತಮ್ಮರಿಗ್ರೀ. ಕಾಕಾಗ ಮಾವ ಅಂದ್ರ ಊರಾಗ ಮೂಗು ಕೊಯ್ತಾರ.”

ಮಾರನೆಯ ದಿನ ಶೇಖರಪ್ಪ ಬೀಡಾ ಅಂಗಡಿಗೆ ಹೋದ ಸ್ವಲ್ಪ ಹೊತ್ತಿನಲ್ಲಿ ಚಿಕ್ಕಮುನಿಯಮ್ಮ ಹಿಂದಿನ ಕಿಟಕಿಗೆ ಹೋದಳು. ಕಂಬಿಯೊಳಗಿಂದ ಎರಡು ಹಲಸಿನ ತೊಳೆ ಕೊಟ್ಟು ಮಾತಾಡಿಸಿದಳು. ಹುಡುಗಿ ತಿನ್ನುತ್ತ ತಿನ್ನುತ್ತ ಎಲ್ಲ ಹೇಳಿದಳು. ಅಪ್ಪ ಇಲ್ಲ. ಈ ಮನುಷ್ಯ ಊರಿಗೆ ಬಂದು, ಅವ್ವನನ್ನು ತಂಗೀ ಅಂತ ಕರೆದು, ಸೀರೆ ಕೊಟ್ಟು, ಇವಳಿಗೆ ಮಾವ ಅನ್ನಲು ಕಲಿಸಿದ. ಪೀಣ್ಯದಲ್ಲಿ ಕೆಲಸ ಅಂದಿದ್ದ. ಈಗ ಬೊಂಬಾಯಿಗೆ ಹೋಗಬೇಕು ಅನ್ನುತ್ತಿದ್ದಾನೆ.

“ನನಗ ಹೋಗಾಕ ಮನಸಿಲ್ರೀ,” ಅಂದಳು ಹುಡುಗಿ. ಹಲಸಿನ ಬೀಜ ಎಲ್ಲಿ ಬಿಸಾಡಬೇಕು ಅಂತ ತಿಳಿಯದೆ ಸೆರಗಿಗೆ ಕಟ್ಟಿಕೊಂಡಳು.

ಆಮೇಲೆ ಚಿಕ್ಕಮುನಿಯಮ್ಮ ಕೂತಿದ್ದನ್ನು ಯಾರೂ ನೋಡಲಿಲ್ಲ. ಹೂಡಿಗೆ ನಡೆದೇ ಹೋದಳು. ಅಲ್ಲಿ ಅಂಜನಮ್ಮ ಗಾರ್ಮೆಂಟ್ಸಿನಲ್ಲಿ ಕಾಲರ್ ಹೊಲಿಯುವವಳು. ಅವಳ ಪಕ್ಕದ ಮಿಷನ್ನಿನ ಹುಡುಗಿಯೊಬ್ಬಳನ್ನು ಹೀಗೇ ಒಳ್ಳೆ ಕೆಲಸ ಅಂತ ಯಾರೋ ಕರೆದುಕೊಂಡು ಹೋಗಿದ್ದರು. ಆ ಮಿಷನ್ನಿಗೆ ಬೇರೆಯವಳು ಬಂದಳು, ಹೋದವಳ ಸುದ್ದಿ ಬರಲಿಲ್ಲ. ಆವತ್ತಿಂದ ಅಂಜನಮ್ಮ ಕೆಲವು ಹೆಂಗಸರನ್ನು ಕಟ್ಟಿಕೊಂಡು, ಡ್ಯೂಟಿ ಮುಗಿದ ಮೇಲೆ ರೈಲ್ವೆ ಸ್ಟೇಷನ್ನಿನಲ್ಲಿ ನಿಲ್ಲುತ್ತಿದ್ದಳು. ಗಂಟು ಹಿಡಿದು ಕಣ್ಣು ಕಣ್ಣು ಬಿಡುವ ಹುಡುಗಿಯರನ್ನು ಎಲ್ಲಿಂದ ಬಂದೆ, ಊಟ ಆಯಿತಾ ಅಂತ ಮಾತಾಡಿಸುವುದೇ ಅವರ ಸಂಘದ ಕೆಲಸ. ಕೆಲಸವಿಲ್ಲದ ಹೆಂಗಸರು ಅಂತ ಜನ ಆಡಿಕೊಳ್ಳುತ್ತಿದ್ದರು. ಹಾಗೆ ಆಡಿಕೊಂಡವರಲ್ಲಿ ನರಸಪ್ಪನೂ ಒಬ್ಬ.

ಅಂಜನಮ್ಮ ಎಲ್ಲ ಕೇಳಿ, “ನಾಳೆ ಬೆಳಿಗ್ಗೆ ಪೊಲೀಸ್ರನ್ನ ಕರ್ಕೊಂಡೇ ಬರ್ತೀನಿ. ಅಲ್ಲೀವರ್ಗೂ ಹುಡುಗಿ ನಿಮ್ಮ ಗೇಟು ದಾಟಬಾರ್ದು ಕಣಕ್ಕ. ಅವನಿಗೆ ಅನುಮಾನಾನೂ ಬರಬಾರ್ದು,” ಅಂದಳು.

ಬೆಳಗಾಯಿತು. ಅಂಜನಮ್ಮನಿಗಿಂತ ಮುಂಚೆ ಆಟೋ ಬಂತು. ಶೇಖರಪ್ಪ ಪೆಟ್ಟಿಗೆ ತಂದು ಒಳಗಿಟ್ಟ. ಹುಡುಗಿಯ ತಲೆಗೆ ಎಣ್ಣೆ ಹಾಕಿ ಬಾಚಿಸಿದ್ದ, ಹೊಸ ಬಳೆ ತೊಡಿಸಿದ್ದ. ಚಿಕ್ಕಮುನಿಯಮ್ಮ ಕೊಟ್ಟಿಗೆಗೂ ನಲ್ಲಿಗೂ ಓಡಾಡಿದಳು. ಕೂಗಿದರೆ ಅವನು ಹುಡುಗಿಯನ್ನು ಎಳೆದುಕೊಂಡು ಓಡುತ್ತಾನೆ, ಸುಮ್ಮನಿದ್ದರೆ ಆಟೋ ಹೊರಡುತ್ತದೆ. ನಲ್ಲಿಯ ಹತ್ತಿರ ಈಶ್ವರಮ್ಮ ತಲೆಗೆ ನೀರು ಹಾಕಿಕೊಂಡು, ಹಣೆತುಂಬ ಕುಂಕುಮ ಇಟ್ಟು ಬಂದಿದ್ದಳು. ಅದನ್ನು ನೋಡಿದ್ದೇ ಚಿಕ್ಕಮುನಿಯಮ್ಮನಿಗೆ ದಾರಿ ಹೊಳೆಯಿತು. ಹೋಗಿ ಗೇಟಿಗೆ ಅಡ್ಡ ನಿಂತಳು.

“ಅಲ್ಲ ಕಣಪ್ಪ, ಸುಕ್ರವಾರ ಎಣ್ಮಗೀನ ಮನೆಯಿಂದ ಕಳಿಸ್ತಾರಾ?”

ಶೇಖರಪ್ಪ ನಕ್ಕ. ಅದೆಲ್ಲ ನೋಡುತ್ತ ಕೂತರೆ ರೈಲು ಕಾಯುವುದಿಲ್ಲ ಅಂದ. ಅಷ್ಟರಲ್ಲಿ ಈಶ್ವರಮ್ಮ ಬಿಂದಿಗೆ ಇಳಿಸಿ ಬಂದಳು. ಶುಕ್ರವಾರ ಮಗಳನ್ನು ಕಳಿಸಿದರೆ ಮನೆಯ ಲಕ್ಷ್ಮಿ ಹೋಗುತ್ತಾಳೆ, ನಿಮ್ಮ ಅಣ್ಣ ಒಪ್ಪುತ್ತಾರೇನು ಅಂತ ಕೇಳಿದಳು. ಗಾರ್ಮೆಂಟ್ಸಿನ ಹುಡುಗಿಯರೂ ಬಂದರು. ಅವರಲ್ಲಿ ಯಾರಿಗೂ ನಿಜ ಗೊತ್ತಿರಲಿಲ್ಲ, ಶುಕ್ರವಾರ ಮಾತ್ರ ಗೊತ್ತಿತ್ತು. ಅಷ್ಟೇ ಸಾಕಾಯಿತು. ಒಬ್ಬಳು ಹುಡುಗಿಯ ಕೈ ಹಿಡಿದಳು. ಇನ್ನೊಬ್ಬಳು, ಅಣ್ಣನ ಮಗಳಿಗೆ ಇಷ್ಟು ಮಾಡದವರು ಎಂಥ ಚಿಕ್ಕಪ್ಪ ಅಂತ ಚುಚ್ಚಿದಳು. ಅವನಿಗೆ ಬಯ್ಯುವ ಹಾಗಿಲ್ಲ, ತಳ್ಳುವ ಹಾಗಿಲ್ಲ. ತನ್ನ ಬಾಯಿಯಿಂದಲೇ ಚಿಕ್ಕಪ್ಪ ಆಗಿದ್ದವನು. ಆಟೋದವನು ಬೇಸತ್ತು ಇಂಜಿನ್ ಆರಿಸಿದ.

ಅಂಜನಮ್ಮ ಬಂದಳು, ಹಿಂದೆಯೇ ಜೀಪು ಬಂತು. ಇನ್ಸ್‌ಪೆಕ್ಟರು ಕೆಳಗಿಳಿಯುತ್ತಲೇ ಶೇಖರಪ್ಪ, ಇವಳು ನಮ್ಮಣ್ಣನ ಮಗಳು ಸಾರ್, ನಮ್ಮ ಮನೆ ವಿಷಯ ಅಂತ ಶುರು ಮಾಡಿದ.

“ಹಂಗಾದ್ರೆ ನಿಮ್ಮಣ್ಣನ ಹೆಸ್ರು ಹೇಳಪ್ಪ,” ಅಂದಳು ಅಂಜನಮ್ಮ.

“ದ್ಯಾಮಣ್ಣ,” ಅಂದ ಅವನು, ಬಾಯಿಗೆ ಬಂದದ್ದನ್ನು.

“ನಮ್ಮಪ್ಪ ಯಮನಪ್ಪರೀ,” ಅಂದಳು ಹುಡುಗಿ.

ಇಷ್ಟಾದ ಮೇಲೆ ತಾಯಿ ಬಂದು ಅತ್ತು ಹೋದಳು. ಊರಿಗೆ ಕರೆದುಕೊಂಡು ಹೋದರೆ ಅವನ ಕಡೆಯವರು ಬಿಡುವುದಿಲ್ಲ, ಇಲ್ಲೇ ಇರಲಿ ಅಂದಳು. ಹುಲಿಗೆಮ್ಮ ಅಂಜನಮ್ಮನ ಜೊತೆ ಗಾರ್ಮೆಂಟ್ಸಿಗೆ ಸೇರಿ, ಚಿಕ್ಕಮುನಿಯಮ್ಮನ ಮನೆಯಲ್ಲೇ ಉಳಿದಳು. ಮುದ್ದೆ ನುಂಗುವುದು ಕಲಿತಳು, ಈ ಕಡೆಯ ಮಾತು ಕಲಿತಳು. ಆದರೆ ಅಕ್ಕ, ಅಣ್ಣ, ಅಜ್ಜಿ, ಯಾರನ್ನೂ ಯಾವ ಸಂಬಂಧ ಹಿಡಿದೂ ಕರೆಯುತ್ತಿರಲಿಲ್ಲ. “ಇಲ್ನೋಡಿ” ಅನ್ನುವಳು, ಇಲ್ಲವೇ ಹತ್ತಿರ ಬಂದು ನಿಲ್ಲುವಳು. ಚಿಕ್ಕಮುನಿಯಮ್ಮ ಯಾಕೆ ಅಂತ ಕೇಳಲಿಲ್ಲ.

ಇನ್ನು ಸನ್ಮಾನದ ದಿನ. ನಾನು ಬರುವುದಿಲ್ಲ ಅಂತ ಚಿಕ್ಕಮುನಿಯಮ್ಮ ಹಟ ಹಿಡಿದಿದ್ದಳು. ನೀನು ಬರದಿದ್ದರೆ ಪೇಪರಿನವರು ಮನೆ ಹುಡುಕಿಕೊಂಡು ಬರುತ್ತಾರೆ ಅಂತ ಅಂಜನಮ್ಮ ಹೇಳಿದ ಮೇಲೆ, ಹುಲಿಗೆಮ್ಮನಿಗೆ ಬಾಗಿಲು ಹಾಕಿಕೊಂಡು ಮನೆಯಲ್ಲೇ ಇರು ಅಂತ ಹೇಳಿ ಗಂಡನ ಜೊತೆ ಹೊರಟಳು. ಹೂಡಿಯ ಕಲ್ಯಾಣಮಂಟಪ. ವೇದಿಕೆಯ ಕುರ್ಚಿ ಅವಳಿಗೆ ಮುಳ್ಳಾಗಿತ್ತು. ಅಂಜನಮ್ಮನಿಗೆ ಶಾಲು ಹೊದಿಸಿದರು, ಸಂಘದ ಹೆಂಗಸರನ್ನೆಲ್ಲ ಮೇಲೆ ಕರೆದು ಹಾರ ಹಾಕಿದರು. ಆಡಿಕೊಳ್ಳುತ್ತಿದ್ದವರೇ ಚಪ್ಪಾಳೆ ತಟ್ಟಿದರು. ಅಂಜನಮ್ಮ ಮೈಕಿನಲ್ಲಿ ಜಾಸ್ತಿ ಮಾತಾಡಲಿಲ್ಲ. ಸ್ಟೇಷನ್ನಿನ ಆಚೆ ಕತ್ತಲು, ಅಲ್ಲೊಂದು ಟ್ಯೂಬ್‌ಲೈಟ್ ಹಾಕಿಸಿಕೊಡಿ, ಹುಡುಗಿಯರ ಮುಖ ಕಾಣುವುದಿಲ್ಲ ಅಂದಳು.

ಆಗಲೇ ಚಿಕ್ಕಮುನಿಯಮ್ಮನ ಕಣ್ಣು ಸಭೆಯ ಹಿಂದಕ್ಕೆ ಹೋಯಿತು. ಗಾರ್ಮೆಂಟ್ಸಿನ ಹೆಂಗಸರ ನಡುವೆ ಹುಲಿಗೆಮ್ಮ ನಿಂತು ಚಪ್ಪಾಳೆ ತಟ್ಟುತ್ತಿದ್ದಳು. ಇವಳಿಗೆ ಶಾಲು ಹೊದಿಸುವುದನ್ನು ನೋಡಬೇಕು ಅಂತ ಬಂದುಬಿಟ್ಟಿದ್ದಳು ಹುಚ್ಚುಮುಂಡೇದು.

ಶಾಲು ಬಿತ್ತು, ಹಣ್ಣಿನ ಬುಟ್ಟಿ ಕೈಗೆ ಬಂತು. ಚಿಕ್ಕಮುನಿಯಮ್ಮ ಫೋಟೋಗೂ ನಿಲ್ಲದೆ ದಡದಡ ಮೆಟ್ಟಿಲಿಳಿದಳು. ಶಾಲು ಕಾಲಿಗೆ ತೊಡರಿ ಬುಟ್ಟಿ ವಾಲಿತು. ಮೂಸಂಬಿಗಳು ಕುರ್ಚಿಗಳ ಕೆಳಗೆಲ್ಲ ಉರುಳಿದವು. ಬೇರೆ ಯಾರೂ ಏಳುವ ಮುಂಚೆ ಹುಲಿಗೆಮ್ಮ ಓಡಿ ಬಂದು ಇವಳ ತೋಳು ಹಿಡಿದುಕೊಂಡಳು. ಪೇಪರಿನವನು ಕ್ಯಾಮೆರಾ ಎತ್ತಿದ.

“ಯಾರಜ್ಜಿ ಇದು? ಆ ಹುಡುಗೀನಾ?”

“ಅಲ್ಲ,” ಅಂದಳು ಚಿಕ್ಕಮುನಿಯಮ್ಮ. “ನಮ್ಮಣ್ಣನ ಮಗ್ಳು.”

ಅಂದ ಮೇಲೆ ಅವಳಿಗೇ ಹೊಳೆಯಿತು. ಅದೇ ಮಾತು, ಅದೇ ಸುಳ್ಳು. ಆ ಮಾತು ಕೇಳಿ ಹುಡುಗಿಯ ಮುಖ ಬಿಳಿಚಿಕೊಂಡಿತ್ತು. ಪೇಪರಿನವನು ಕ್ಯಾಮೆರಾ ಇಳಿಸಲಿಲ್ಲ. ಹೌದೇನಮ್ಮಾ ಅಂತ ಅವಳನ್ನೇ ಕೇಳಿದ. ಈಗ ಅವಳು “ಇಲ್ನೋಡಿ” ಅಂದರೆ ಮುಗಿಯಿತು.

ಹುಲಿಗೆಮ್ಮ ಸೆರಗನ್ನು ತಲೆ ಮೇಲೆ ಎಳೆದುಕೊಂಡಳು. ಚಿಕ್ಕಮುನಿಯಮ್ಮನ ತೋಳು ಬಿಡಲಿಲ್ಲ.

“ಬಿರ್ನೆ ಬಾ ಅತ್ತೆ,” ಅಂದಳು, ಅಪ್ಪಟ ಅಗ್ರಹಾರದ ಮಾತಿನಲ್ಲಿ. “ಆಚೆ ಮಾವ ಕಾಯ್ತಾವ್ರೆ.”

ಇದು ಇವರ ಮನೆ ಹುಡುಗಿಯೇ ಅಂದುಕೊಂಡು ಪೇಪರಿನವನು ಗುರುರಾಜರ ಕಡೆ ತಿರುಗಿದ. ಕ್ಯಾಮೆರಾ ಇಳಿಯಿತು. ಇಬ್ಬರೂ ಮೂಸಂಬಿಗಳನ್ನು ಉರುಳಿದಲ್ಲೇ ಬಿಟ್ಟು, ಒಬ್ಬರನ್ನೊಬ್ಬರು ಎಳೆದುಕೊಂಡು ಬಾಗಿಲ ಕಡೆ ನಡೆದರು.

ಆಚೆ ನರಸಪ್ಪ ಬೀಡಿ ಸೇದುತ್ತ ನಿಂತಿದ್ದ. ಚಿಕ್ಕಮುನಿಯಮ್ಮ ಯಾರಾದರೂ ಹಿಂದೆ ಬರುತ್ತಿದ್ದಾರಾ ಅಂತ ತಿರುಗಿ ತಿರುಗಿ ನೋಡುತ್ತಿದ್ದಳು. ಅಲ್ಲಿ ಕ್ಯಾಮೆರಾ ಇರಲಿಲ್ಲ, ಕೇಳುವವರು ಯಾರೂ ಇರಲಿಲ್ಲ. ಆದರೂ ಹುಲಿಗೆಮ್ಮ ಮತ್ತೆ ಕರೆದಳು.

“ನಡೀ ಮಾವ, ಬಸ್ಸು ಬಂತು.”

ಯಾರನ್ನು ಕರೆದಳು ಅಂತ ನರಸಪ್ಪ ಹಿಂದೆ ತಿರುಗಿ ನೋಡಿದ.