ನಾನು ಬಡವಾದ ವರ್ಷ

ಸಣ್ಣಗಾಗುವುದಕ್ಕೆ ನಮ್ಮ ಕಡೆ ಇದ್ದ ಮಾತು ‘ಬಡವಾಗು’. ಜ್ವರದಿಂದ ಎದ್ದವರು ಬಡವಾಗುತ್ತಿದ್ದರು, ಗಂಡನ ಮನೆಯ ಅನ್ನ ಒಗ್ಗದ ಹೊಸ ಸೊಸೆ ಬಡವಾಗುತ್ತಿದ್ದಳು. ಬೇಕು ಬೇಕಂತ ಯಾರೂ ಬಡವಾಗುತ್ತಿರಲಿಲ್ಲ. ನಾನೊಬ್ಬಳು ಆದೆ. ಹೊನ್ನಾಳಿಯಲ್ಲಿ, ಮೂರು ಮಕ್ಕಳು ಮತ್ತು ಒಂದು ಹೊಲಿಗೆ ಮಷೀನು ಕಟ್ಟಿಕೊಂಡು, ಬಿಡಿಗಾಸು ಖರ್ಚಿಲ್ಲದೆ ಆದೆ. ಯಾಕೆ ಅಂದರೆ ಹೊಟ್ಟೆಕಿಚ್ಚಿಗೆ. ಅದರಲ್ಲಿ ಮುಚ್ಚಿಡುವಂಥದ್ದೇನಿದೆ?

ಕಿಚ್ಚು ನನ್ನ ನೆಗೆಣ್ಣಿಯ ಮೇಲೆ. ಮೈದುನನ ಹೆಂಡತಿ, ನ್ಯಾಮತಿ ಕಡೆಯವಳು. ಧಾರೆ ಸೀರೆಯಲ್ಲಿ ಹೊಸಿಲು ದಾಟಿ ಬಂದಾಗ ಹೇಗಿದ್ದಳೋ, ಎರಡು ಗಂಡುಮಕ್ಕಳನ್ನು ಹೆತ್ತ ಮೇಲೂ ಹಾಗೇ ಇದ್ದಳು, ಬಳ್ಳಿಯ ಹಾಗೆ. ನಾನು ಎರಡು ಗಂಡು ಒಂದು ಹೆಣ್ಣು ಹೆತ್ತು, ಒಂದೊಂದು ಬಾಣಂತನಕ್ಕೂ ಒಂದೊಂದು ಸುತ್ತು ದಪ್ಪಗಾಗಿದ್ದೆ. ನನ್ನ ತವರು ಜಗಳೂರು. “ನಮ್ಮ ಅತ್ತಿಗಿ ಊರಿನ ಹೆಸರಿನಾಗೇ ಜಗಳ ಐತೆ” ಎಂದು ಮೈದುನ ರೇಗಿಸುತ್ತಿದ್ದ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರಲ್ಲ, ಆಗ ನನಗೆ ಎರಡೂ ಗೊತ್ತಿರಲಿಲ್ಲ.

ಮನೆ ಒಂದೇ, ಒಲೆ ಎರಡು. ಮುಂದಿನ ಭಾಗದಲ್ಲಿ ನಾವು, ಹಿಂದಿನ ಭಾಗದಲ್ಲಿ ಅವರು. ನಡುವೆ ಒಂದು ಬಾಗಿಲು, ಅದಕ್ಕೆ ಹಗಲಿಡೀ ಚಿಲಕ ಹಾಕುತ್ತಿರಲಿಲ್ಲ. ಅತ್ತೆ ಬೆಳಿಗ್ಗೆ ನಮ್ಮಲ್ಲಿ ಉಂಡರೆ ಮಧ್ಯಾಹ್ನ ಅವರಲ್ಲಿ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಆ ವರ್ಷ ನನ್ನ ನಾದಿನಿಗೆ ಚನ್ನಗಿರಿಯ ಗಂಡು ಗೊತ್ತಾಯಿತು. ವೀಳ್ಯ ಮುಗಿದ ಮಾರನೇ ದಿನ ಅತ್ತೆ ಟ್ರಂಕು ತೆಗೆದು, ಹಳೇ ಸೀರೆಯಲ್ಲಿ ಸುತ್ತಿಟ್ಟಿದ್ದ ಡಾಬನ್ನು ನಡುಮನೆಯ ಮಣೆಯ ಮೇಲೆ ಇಟ್ಟರು. ಬೆಳ್ಳಿಯ ಡಾಬು. ಮುಂದಿನ ಬಿಲ್ಲೆ ಮಾತ್ರ ಬಂಗಾರದ್ದು, ಅದರ ಮೇಲೆ ಎದುರುಬದುರು ನಿಂತ ಎರಡು ನವಿಲು.

“ಮಗಳಿಗೆ ಹೊಸದು ಮಾಡ್ಸೀವಿ. ಇದು ಮನೀದು, ಮನಿಯಾಗೇ ಇರಬೇಕು. ಮದುವಿ ದಿನ ಯಾರ ನಡಕ್ಕೆ ಕೂಡುತ್ತೋ ಅವರಿಗೆ” ಎಂದರು.

ಹಿರೀ ಸೊಸೆ ನಾನು. ಮೊದಲು ನಾನೇ ಹಾಕಿಕೊಂಡೆ. ಕೊಂಡಿಗೂ ಕೊಂಡಿಗೂ ನಡುವೆ ನಾಲ್ಕು ಬೆರಳು ಅಂತರ ಉಳಿಯಿತು. ಎಳೆದೆ. ಬಿಲ್ಲೆ ಹೊಟ್ಟೆಗೆ ಒತ್ತಿ ನವಿಲಿನ ಗುರುತು ಮೂಡಿತೇ ಹೊರತು ಕೂಡಲಿಲ್ಲ. ನೆಗೆಣ್ಣಿ ಹಾಕಿಕೊಂಡಳು, ಟಿಕ್ ಅಂದಿತು. ಸಾಲದ್ದಕ್ಕೆ ನನ್ನ ಕಡೆ ತಿರುಗಿ, “ಉಸಿರು ಹಿಡ್ಕಂಡು ನೋಡ್ರಿ ಅಕ್ಕ, ನಿಮಗೂ ಕೂಡುತ್ತೆ” ಎಂದಳು. ನನಗೆ ಉಸಿರು ಹಿಡಿಯುವುದನ್ನು ಕಲಿಸಲು ಇವಳ್ಯಾರು?

ನಮ್ಮ ಯಜಮಾನರು ಬಟ್ಟೆ ಅಂಗಡಿಯಿಂದ ಬಂದವರು ಇದನ್ನೆಲ್ಲ ಕೇಳಿ, “ಅಕ್ಕಸಾಲಿಗನ ಹತ್ರ ಕೊಟ್ಟು ಎರಡು ಕೊಂಡಿ ಸೇರಿಸಿದ್ರಾತು, ಅದಕ್ಯಾಕೆ ಇಷ್ಟು ರಾದ್ಧಾಂತ?” ಎಂದರು. ಅತ್ತೆ ಒಳಗಿನಿಂದಲೇ, “ನಮ್ಮತ್ತಿ ಕೊಟ್ಟಿದ್ದು, ಬೆಂಕಿಗೆ ಇಡಾಕೆ ನಾ ಬಿಡಲ್ಲ” ಎಂದರು. ಮಾತು ಅಲ್ಲಿಗೆ ಮುಗಿಯಿತು. ಮದುವೆಗೆ ಇನ್ನೂ ಕೆಲವು ತಿಂಗಳಿತ್ತು.

ಅವತ್ತಿನಿಂದ ನನ್ನ ಕಣ್ಣೆಲ್ಲ ಅವಳ ಗಂಗಾಳದ ಮೇಲೆ. ಬಟ್ಟೆ ಒಣಹಾಕುವ ನೆಪದಲ್ಲಿ ಹಿತ್ತಿಲಿಗೆ ಹೋಗಿ ಅವಳು ಏನು ತಿನ್ನುತ್ತಾಳೆ ನೋಡುತ್ತಿದ್ದೆ. ಬಿಸಿ ರೊಟ್ಟಿ, ಮೇಲೆ ಬೆಣ್ಣೆ. ಶೇಂಗಾ ಚಟ್ನಿಗೆ ಮೊಸರು. ಸಂಜೆ ಮೆಣಸಿನಕಾಯಿ ಬಜ್ಜಿ, ಮಂಡಕ್ಕಿ. ಏನೂ ಬಿಡುತ್ತಿರಲಿಲ್ಲ ಮಹಾತಾಯಿ. ಅಯ್ಯೋ ಶಿವನೇ, ಇವಳು ತಿಂದದ್ದೆಲ್ಲ ಎಲ್ಲಿಗೆ ಹೋಗುತ್ತೆ? ನಾನು ಮಂಡಕ್ಕಿ ಮೂಸಿದರೂ ಮೈಗೆ ಹತ್ತುತ್ತೆ! ರಾತ್ರಿ ಊಟ ಬಿಟ್ಟು ನೋಡಿದೆ. ಬೆಳಿಗ್ಗೆ ಎದ್ದು ಎರಡರಷ್ಟು ತಿಂದೆ. ಎದುರುಮನೆಯವರು ಹೇಳಿದರು ಅಂತ ಬಿಸಿನೀರಿಗೆ ನಿಂಬೆಹಣ್ಣು ಹಿಂಡಿ ಕುಡಿದೆ. ಹಸಿವು ಇನ್ನೂ ಜೋರಾಯಿತು.

ಗುಟ್ಟು ಬಿಟ್ಟುಕೊಟ್ಟವರು ಅತ್ತೆ, ಅದೂ ಬೈಯುವ ಭರದಲ್ಲಿ. ನಮ್ಮ ಮನೆಗಳಲ್ಲಿ ಉಣ್ಣುವುದು ಅನ್ನವಲ್ಲ, ಪ್ರಸಾದ. ಒಂದು ಅಗುಳೂ ಬಿಡುವಂತಿಲ್ಲ. ಉಂಡಾದ ಮೇಲೆ ಗಂಗಾಳಕ್ಕೆ ನೀರು ಹಾಕಿ, ಬೆರಳಲ್ಲಿ ಬಳಿದು, ಆ ನೀರನ್ನೂ ಕುಡಿಯಬೇಕು. ದೊಡ್ಡವರಾದರೆ ಕುಡಿಯುತ್ತಾರೆ. ಮಕ್ಕಳು? ಅರ್ಧ ರೊಟ್ಟಿ ಬಿಟ್ಟು ಒಬ್ಬ ಗೋಲಿಗೆ ಓಡುತ್ತಿದ್ದ, ಸಾರನ್ನ ಬಿಟ್ಟು ಇನ್ನೊಬ್ಬ ಅವನ ಹಿಂದೆ ಓಡುತ್ತಿದ್ದ, ಮಗಳಂತೂ ಮೂರು ತುತ್ತಿಗೇ ಮುಖ ತಿರುಗಿಸುತ್ತಿದ್ದಳು. ಬಿಟ್ಟದ್ದನ್ನೆಲ್ಲ ಉಣ್ಣುವವಳು ನಾನು. ಬರದ ಸೀಮೆ ಜಗಳೂರಿನಲ್ಲಿ ಬೆಳೆದವಳಿಗೆ ಅನ್ನ ಚೆಲ್ಲುವ ಕೈಯೇ ಇಲ್ಲ. ಆಮೇಲೆ ನನ್ನದು ಬೇರೆ ಬಡಿಸಿಕೊಂಡು ಕೂರುತ್ತಿದ್ದೆ. ಒಂದು ಬೆಳಿಗ್ಗೆ ಅತ್ತೆ ನೋಡಿ ನೋಡಿ ಹೇಳಿದರು:

“ದಿನಾ ನಾಲ್ಕು ಗಂಗಾಳ ತೊಳೆದು ಕುಡೀತೀಯಲ್ಲೇ, ನಡ ಹೆಂಗೆ ಕರಗುತ್ತೆ? ಹಿಂದಿನ ಮನೆಯಾಕಿ ನೋಡು, ಒಂದೇ ಗಂಗಾಳದಾಗೆ ಎಲ್ಲ ಕಲಸ್ತಾಳೆ. ಹುಡುಗರನ್ನ ಸುತ್ತ ಕೂರಿಸ್ಕಂಡು ಕೈತುತ್ತು ಹಾಕ್ತಾಳೆ. ಕಡೀ ತುತ್ತು ತನಗೆ. ಮುಗೀತು.”

ಕಿವಿಗೆ ಬಿದ್ದ ತಕ್ಷಣ ಅರ್ಥವಾಯಿತು. ಹಾಗೇ ಮಾಡಬಹುದಿತ್ತು, ಕಷ್ಟವೇನಿರಲಿಲ್ಲ. ಆದರೆ ಅವಳನ್ನು ನೋಡಿ ಕಲಿತೆ ಅನ್ನಿಸಿಕೊಳ್ಳುವುದೇ? ಅದಕ್ಕಿಂತ ದಪ್ಪಗೇ ಇರುತ್ತೇನೆ ಅಂದುಕೊಂಡೆ. ಮೇಲಾಗಿ ಲಗ್ನದ ಕಾಲ, ಮಷೀನಿನ ಮೇಲೆ ಬೇರೆಯವರ ರವಿಕೆಗಳು ರಾಶಿ ಬಿದ್ದಿದ್ದವು. ಒಬ್ಬೊಬ್ಬರ ಬಾಯಿಗೂ ತುತ್ತಿಡುತ್ತಾ ಕೂರಲು ನನಗೆಲ್ಲಿ ಪುರಸೊತ್ತು?

ನನ್ನದೇ ಕಾಯ್ದೆ ಮಾಡಿದೆ. ಎಷ್ಟು ಬೇಕೋ ಅಷ್ಟೇ ಹಾಕಿಸಿಕೊಳ್ಳಿ, ಹಾಕಿಸಿಕೊಂಡದ್ದು ಮುಗಿಸದೆ ಏಳುವಂತಿಲ್ಲ, ಬಿಟ್ಟರೆ ಏಟು. ಗಂಡುಹುಡುಗರು ಬೇಗ ದಾರಿಗೆ ಬಂದರು. ನಾಲ್ಕು ವರ್ಷದ ಮಗಳು ಮೊದಲನೇ ದಿನವೇ ಮೊಸರನ್ನ ಬಿಟ್ಟು ಎದ್ದಳು. ಬೆನ್ನಿಗೊಂದು ಕೊಟ್ಟೆ. ಅಷ್ಟೇ, ಮತ್ತೆ ಕೈ ಎತ್ತುವ ಪ್ರಸಂಗ ಬರಲಿಲ್ಲ. ಅವಳು ಹುಶಾರಾದಳು. “ಇಷ್ಟೇ ಸಾಕವ್ವ, ಇನ್ನೂ ಕಡಿಮಿ ಹಾಕು” ಎಂದು ಒಂದು ಹಿಡಿ ಹಾಕಿಸಿಕೊಂಡು, ಅದನ್ನು ಮುಗಿಸಿ, ಗಂಗಾಳ ನನ್ನ ಕಡೆ ವಾಲಿಸಿ ತೋರಿಸಿ ಹೋಗುತ್ತಿದ್ದಳು. ನಾನು ಮಷೀನಿಗೆ ಹೋಗುತ್ತಿದ್ದೆ.

ಅದರ ಜೊತೆಗೆ ಸಂಜೆಯ ಮಂಡಕ್ಕಿ ಬಿಟ್ಟೆ. ನಲ್ಲಿಯಲ್ಲಿ ಒಗೆಯುವುದು ಬಿಟ್ಟು ಬಟ್ಟೆಗೆ ಹೊಳೆಗೇ ಹೋಗತೊಡಗಿದೆ, ಹಸಿ ಬಟ್ಟೆಯ ಬುಟ್ಟಿ ಸೊಂಟಕ್ಕಿಟ್ಟುಕೊಂಡು ದಡ ಹತ್ತುವಾಗ ಏದುಸಿರು ಬರುತ್ತಿತ್ತು. ಬೇರೇನೂ ಮಾಡಲಿಲ್ಲ. ಮೊದಲು ಬಳೆ ಸಡಿಲವಾದವು. ಆಮೇಲೆ ನನ್ನ ರವಿಕೆಗಳನ್ನು ನಾನೇ ಬಿಚ್ಚಿ ಒಳಗೆ ಹಿಡಿದು ಹೊಲಿದೆ. ಎದುರುಮನೆಯವರು ಒಂದು ದಿನ, “ಯಾಕ್ರೀ ಇಷ್ಟು ಬಡವಾಗಿದೀರಿ, ಮೈಯಾಗೆ ಹುಶಾರೈತೋ ಇಲ್ವೋ?” ಎಂದು ಗಾಬರಿಯಿಂದ ಕೇಳಿದರು. ನನಗೆ ತುಪ್ಪದ ಹೋಳಿಗೆ ತಿಂದಷ್ಟು ಸಂತೋಷವಾಯಿತು. ಅವರಿಂದ ಇನ್ನೊಂದು ಸಲ ಹೇಳಿಸಿದೆ.

ನೆಗೆಣ್ಣಿ ಉರಿದುಕೊಳ್ಳುತ್ತಾಳೆ ಅಂತ ಕಾದೆ. ಅವಳೋ, “ಅಕ್ಕ, ಎಷ್ಟು ಚಂದ ಕಾಣ್ತೀರಿ ನೀವು!” ಎಂದು ಗಲ್ಲ ಹಿಡಿದಳು. ಥೂ, ಹೊಟ್ಟೆಕಿಚ್ಚು ಪಡುವುದಕ್ಕೂ ಬರುತ್ತಿರಲಿಲ್ಲ ಅವಳಿಗೆ. ಅದು ನನ್ನನ್ನು ಇನ್ನಷ್ಟು ಉರಿಸಿತು.

ಇನ್ನೊಂದು ವಿಚಿತ್ರ ನಡೆಯುತ್ತಿತ್ತು. ನಾನು ಇಳಿದೆ, ಮಗಳು ಇಳಿಯಲಿಲ್ಲ. ಅಷ್ಟು ಕಡಿಮೆ ಉಣ್ಣುವ ಹುಡುಗಿಯ ಕೆನ್ನೆ ತುಂಬಿಕೊಂಡವು, ಲಂಗದ ಪಟ್ಟಿ ಬಿಗಿಯಾಯಿತು. ಅದಕ್ಕೂ ನನ್ನ ಕಾಯ್ದೆಯೇ ಕಾರಣ ಎಂದು ನಾನು ಹೊಲಿಗೆಗೆ ಬಂದವರ ಮುಂದೆಲ್ಲ ಕೊಚ್ಚಿಕೊಂಡೆ. “ಸ್ವಲ್ಪ ಉಣ್ಣಲಿ, ಪೂರ್ತಿ ಉಣ್ಣಲಿ. ಹತ್ತುತ್ತೆ ನೋಡ್ರಿ ಮೈಗೆ” ಎನ್ನುತ್ತಿದ್ದೆ. ಅವರು ತಲೆಯಾಡಿಸಿ ಹೋಗುತ್ತಿದ್ದರು.

ಚನ್ನಗಿರಿಯ ಮದುವೆ ಮನೆಯಲ್ಲಿ, ಅಕ್ಷತೆಯ ದಿನ ಬೆಳಿಗ್ಗೆ, ಹೆಂಗಸರೆಲ್ಲ ಸೀರೆ ಉಡುತ್ತಿದ್ದ ಕೋಣೆಯಲ್ಲಿ ಅತ್ತೆ ಡಾಬು ತೆಗೆದರು. ಸುತ್ತಿಕೊಂಡೆ. ಉಸಿರು ಹಿಡಿಯಲಿಲ್ಲ, ಬೇಕಂತಲೇ ಬಿಟ್ಟೆ. ಟಿಕ್ ಅಂದಿತು. ಆ ಸದ್ದು ಕೇಳಲು ನಾನು ಎಷ್ಟು ಸಂಜೆ ಮಂಡಕ್ಕಿ ಬಿಟ್ಟಿದ್ದೆ! ನೆಗೆಣ್ಣಿ ಕೈಯನ್ನೂ ಚಾಚಲಿಲ್ಲ. “ಅಕ್ಕಗೇ ಇರಲಿ, ಅವರಿಗೇ ಒಪ್ಪುತ್ತೆ” ಎಂದಳು. ಜಗಳೂರಿನಿಂದ ಬಂದಿದ್ದ ನನ್ನ ಅವ್ವ ಮಾತ್ರ ನನ್ನನ್ನು ನೋಡಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡು, “ಹಿಂಗ್ಯಾಕೆ ಬಡವಾದೆ ನನ್ನವ್ವ, ಉಣ್ಣಾಕೆ ಇಕ್ಕಲ್ವೇನು ಇವರು?” ಎಂದು ಬೀಗರ ಎದುರೇ ಕೇಳಿಬಿಟ್ಟಳು. ಅತ್ತೆಯ ಮುಖ ಕೆಂಪಾಯಿತು. ಅವ್ವನನ್ನು ಸಮಾಧಾನ ಮಾಡಿ ಹೊರಗೆ ಕರೆದೊಯ್ಯುವಷ್ಟರಲ್ಲಿ ಸಾಕುಬೇಕಾಯಿತು.

ಊಟದ ಪಂಕ್ತಿ ಕೂತಾಗ ನಾನು ತುಪ್ಪದ ಗಿಂಡಿ ಹಿಡಿದೆ. ಬಡಿಸುವವರು ಬೇಕಾದಷ್ಟು ಜನ ಇದ್ದರು. ಆದರೆ ಕೂತರೆ ಡಾಬು ಯಾರಿಗೆ ಕಾಣುತ್ತೆ? ಸೆರಗು ಬಿಗಿಯಾಗಿ ಸಿಕ್ಕಿಸಿ, ಸಾಲಿನ ಈ ತುದಿಯಿಂದ ಆ ತುದಿಗೆ ನಡೆದೆ. ನಡುವೆ ನೆಗೆಣ್ಣಿ ಕೂತಿದ್ದಳು, ಪಕ್ಕದಲ್ಲಿ ಅವಳ ಹುಡುಗರು, ತೊಡೆಗೆ ಆತುಕೊಂಡು ನನ್ನ ಮಗಳು. ಮಗಳ ಮುಂದೆ ಎಲೆಯೇ ಇರಲಿಲ್ಲ. ಕೈ ಎರಡನ್ನೂ ಮಡಿಲಲ್ಲಿಟ್ಟುಕೊಂಡು, ಚಿಕ್ಕವ್ವ ಅನ್ನ ಕಲಸಿ ಮುಗಿಸುವ ಮೊದಲೇ ಬಾಯಿ ತೆರೆದುಕೊಂಡು ಕೂತಿದ್ದಳು. ನೆಗೆಣ್ಣಿ ಹಪ್ಪಳ ಪುಡಿ ಮಾಡಿ ಬೆರೆಸಿ ತುತ್ತು ಇಟ್ಟಳು. ಮಗಳು ನುಂಗಿದಳು. ಇನ್ನೊಂದು. ಇನ್ನೊಂದು. ಸರದಿ ತಪ್ಪಿ ಆ ಹುಡುಗರ ಬಾಯಿಗೆ ಹೋದರೆ ಕೈ ಹಿಡಿದು ತನ್ನ ಕಡೆ ಎಳೆದುಕೊಳ್ಳುತ್ತಿದ್ದಳು. ನನ್ನ ಎದುರು ಹಿಡಿ ಅನ್ನಕ್ಕೆ ‘ಸಾಕು’ ಅನ್ನುವ ಹುಡುಗಿ.

“ಆಕಿಗೆ ಆಕೀನೇ ಉಣ್ಣಾಕೆ ಬರುತ್ತೆ. ರೂಢಿ ಕೆಡಿಸಬ್ಯಾಡ” ಎಂದೆ. ದನಿ ನನಗೇ ಗಡುಸಾಗಿ ಕೇಳಿತು.

ನೆಗೆಣ್ಣಿ ತಲೆಯೆತ್ತಿ, “ದಿನಾ ಹಿಂಗೇ ಅಲ್ವೇನಕ್ಕ? ಮಧ್ಯಾಹ್ನ ನೀವು ಮಷೀನಿಗೆ ಕೂತ ಕೂಡ್ಲೇ ಬರ್ತಾಳೆ. ನಿಮಗೆ ಪುರಸೊತ್ತಿಲ್ಲ, ನೀವೇ ಕಳಿಸ್ತೀರಿ ಅಂದ್ಕಂಡಿದ್ದೆ” ಎಂದಳು.

ತುಪ್ಪದ ಗಿಂಡಿ ಹಿಡಿದು ನಿಂತೇ ಇದ್ದೆ. ಪಕ್ಕದ ಎಲೆಯ ಹೆಂಗಸು, “ತುಪ್ಪ ಹಾಕ್ರಿ ಯಕ್ಕಾ” ಎಂದು ಎರಡು ಸಲ ಕೂಗಬೇಕಾಯಿತು. ಆಮೇಲೆ ಅತ್ತೆಯನ್ನು ಮೂಲೆಗೆ ಕರೆದು ಕೇಳಿದೆ. ಮಧ್ಯಾಹ್ನ ಹಿಂದಿನ ಮನೆಯಲ್ಲಿ ಉಣ್ಣುವವರು ಅವರೇ ತಾನೇ, ನನಗೊಂದು ಮಾತು ಹೇಳಬಾರದಿತ್ತೇ? “ಅದ್ರಾಗೇನೈತೆ ಹೇಳಾಕೆ? ಮಗಾ ಎಲ್ಲಿ ಉಂಡ್ರೇನು, ಉಂಡ್ರಾತು” ಎಂದು ಅವರು ಬೀಗರ ಉಡಿ ತುಂಬಲು ಹೊರಟುಹೋದರು. ನನ್ನ ಎದುರು ಬೇಡವಾದ ಅನ್ನವನ್ನು ಮಗಳು ಎಲ್ಲಿ ಉಣ್ಣುತ್ತಿದ್ದಳು, ಆ ಕೆನ್ನೆ ಎಲ್ಲಿಂದ ಬಂತು ಎಂದು ಈಗ ನನಗೆ ಗೊತ್ತಾಯಿತು. ಸೊಂಟದಲ್ಲಿ ಅವಳನ್ನು ಮೀರಿಸಲು ಹೋಗಿ ಮಗಳನ್ನು ಅವಳ ಮಡಿಲಿಗೆ ನಾನೇ ದಬ್ಬಿದ್ದೆ. ಮೊದಲು ಅವಳ ನಡುವಿನ ಮೇಲೆ ಇದ್ದ ಕಿಚ್ಚು ಈಗ ಅವಳ ಕೈಯ ಮೇಲೆ ಹೋಯಿತು, ಆ ಐದು ಬೆರಳಿನ ಮೇಲೆ.

ಊರಿಗೆ ಬಂದ ಮಾರನೇ ಮಧ್ಯಾಹ್ನ ಮಷೀನಿಗೆ ಬಟ್ಟೆ ಹೊದಿಸಿದೆ. ನಡುಬಾಗಿಲಿಗೆ ಚಿಲಕ ಹಾಕಿದೆ. ಬಿಸಿ ಅನ್ನಕ್ಕೆ ಸಾರು, ತುಪ್ಪ ಹಾಕಿ, ಹಪ್ಪಳ ಪುಡಿ ಮಾಡಿ, ಅವಳು ಕಲಸಿದ ಹಾಗೇ ಕಲಸಿದೆ. ಮಗಳನ್ನು ಕೂರಿಸಿಕೊಂಡು ತುತ್ತು ಹಿಡಿದೆ. ಅವಳು ಬಾಯಿ ತೆರೆಯಲಿಲ್ಲ. ಗಂಗಾಳದಲ್ಲಿದ್ದ ಅನ್ನದ ರಾಶಿ ನೋಡಿದಳು, ನನ್ನ ಕೈ ನೋಡಿದಳು.

“ಅವ್ವಾ, ಬಿಟ್ರೆ ಹೊಡಿತೀಯಾ?”

“ಇಲ್ಲ ಪುಟ್ಟಿ. ಬಿಡು. ನೀ ಬಿಟ್ಟಿದ್ದು ಅವ್ವ ಉಣ್ತಾಳೆ.”

ಮೂರು ತುತ್ತು ಉಂಡಳು. ನಾಲ್ಕನೆಯದಕ್ಕೆ ಮುಖ ತಿರುಗಿಸಿ, ಎದ್ದು ಹೋಗಿ, ತುದಿಗಾಲಲ್ಲಿ ನಿಂತು ಚಿಲಕ ತೆಗೆದಳು. ಹಿಂದಿನ ಮನೆಯಿಂದ ಬಳೆಯ ಸದ್ದು, ಹುಡುಗರ ನಗು ಕೇಳಿತು. ನಾನು ಉಳಿದದ್ದನ್ನೆಲ್ಲ ಉಂಡೆ. ಗಂಗಾಳಕ್ಕೆ ನೀರು ಹಾಕಿ, ಬೆರಳಲ್ಲಿ ಬಳಿದು ಕುಡಿದೆ. ಮಾರನೇ ದಿನವೂ ಅಷ್ಟೇ, ಅದರ ಮಾರನೇ ದಿನವೂ ಅಷ್ಟೇ. ಯುಗಾದಿ ಹೊತ್ತಿಗೆ ಡಾಬು ಕೂಡಲಿಲ್ಲ.

ಅದು ನನ್ನ ಟ್ರಂಕಿನಲ್ಲೇ ಉಳಿಯಿತು. ನನಗಂತೂ ಇನ್ನು ಯಾವ ಕಾಲಕ್ಕೂ ಬಾರದು. ಅವಳಿಗೆ ಈಗಲೂ ಟಿಕ್ ಅಂತ ಕೂಡೀತು, ಹಾಗೇ ಇದ್ದಾಳೆ ಪುಣ್ಯಾತ್ಗಿತ್ತಿ. ಕೊಟ್ಟುಬಿಡು ಅಂತ ಯಜಮಾನರು ಎಷ್ಟೋ ಸಲ ಹೇಳಿದ್ದಾರೆ. ನಾನು ಕೊಟ್ಟಿಲ್ಲ. ಮಗಳು ಅವಳ ಕೈಯಲ್ಲಿ ಉಂಡು ಬೆಳೆದಳು. ಡಾಬಾದರೂ ನನ್ನ ಹತ್ತಿರ ಇರಲಿ.